ಕಟ್ಟರ್ ಅಟ್ಟದಲ್ಲಿ, ಬ್ಯಾಟರಿ ಕಪಾಟಿನಲ್ಲಿ

ನಮ್ಮ ಮನೆಯಲ್ಲಿ ಕೇಬಲ್ ಕಟ್ಟರಿಗೂ ನನಗೂ ಒಂದೇ ನಿಯಮ: ಹೆಂಡತಿಯ ಅಪ್ಪಣೆಯಿಲ್ಲದೆ ಇಬ್ಬರೂ ಚಾಲೂ ಆಗುವಂತಿಲ್ಲ. ಕಟ್ಟರ್ ಅಟ್ಟದಲ್ಲಿ, ಅದರ ಬ್ಯಾಟರಿ ಕಬ್ಬಿಣದ ಕಪಾಟಿನಲ್ಲಿ, ಕಪಾಟಿನ ಬೀಗದಕೈ ಅವಳಿಗೆ ಮಾತ್ರ ಗೊತ್ತಿರುವ ಜಾಗದಲ್ಲಿ. ಹೊರಗಿನವರು ಇದನ್ನು ಗಂಡನ ಮೇಲಿನ ಅಪನಂಬಿಕೆ ಎಂದುಕೊಳ್ಳಬಹುದು. ಆದರೆ ಕಟ್ಟರಿನ ಜತೆ ಬಂದ ಪುಸ್ತಕ ಹೇಳುವುದೂ ಅದನ್ನೇ: ಕೆಲಸವಿಲ್ಲದಾಗ ಬ್ಯಾಟರಿ ಕಳಚಿ ಬೇರೆ ಇಡಿ, ಮಕ್ಕಳಿಗೂ ಕೆಲಸ ಗೊತ್ತಿಲ್ಲದವರಿಗೂ ಸಿಗದ ಹಾಗೆ ನೋಡಿಕೊಳ್ಳಿ. ಅವಳು ಆ ಪುಸ್ತಕದ ಒಂದು ಪುಟವನ್ನೂ ತಿರುವಿದವಳಲ್ಲ. ನಾನು ಅದನ್ನು ಬಾಯಿಪಾಠ ಮಾಡಿದವನು. ಕೆಲಸ ಗೊತ್ತಿಲ್ಲದವರು ಅಂದರೆ ಯಾರು ಎಂಬಲ್ಲಿ ಮಾತ್ರ ನಮಗಿಬ್ಬರಿಗೂ ಸರಿ ಬರುವುದಿಲ್ಲ.

ಕಟ್ಟರ್ ಬಂದದ್ದು ದುಬೈಯಿಂದ. ಅಕ್ಕನ ಮಗ ಅಲ್ಲಿ ಎಲೆಕ್ಟ್ರಿಕಲ್ ಕೆಲಸದ ಸೂಪರ್‌ವೈಸರ್. ಕಾಪುವಿನ ಉಳಿದ ಮನೆಗಳಿಗೆ ಗಲ್ಫಿನಿಂದ ಖರ್ಜೂರ, ಸೆಂಟು, ಹಾಲಿನ ಪುಡಿ ಬರುತ್ತದೆ. ನನಗೆ ಅವನು ತಂದದ್ದು ಅವನ ಸೈಟಿನಲ್ಲಿ ಬಳಸುವಂಥದ್ದೇ ಒಂದು ಯಂತ್ರ. ಬ್ಯಾಟರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಜಪೆಯಲ್ಲಿ ಇಳಿದಿದ್ದ. 18 ವೋಲ್ಟನ್ನು 5 ಆಂಪಿಯರ್-ಅವರಿನಿಂದ ಗುಣಿಸಿದರೆ 90 ವಾಟ್-ಅವರ್. 100ರ ಒಳಗಿದ್ದರೆ ವಿಮಾನದಲ್ಲಿ ಕೈಯಲ್ಲೇ ತರಬಹುದು, ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ ಎಂದೆಲ್ಲ ವಿವರಿಸಿದ. ಕೊಡುವಾಗ, "ಮಾವ, ಇದರಲ್ಲಿ ಕರೆಂಟ್ ಇರುವ ಲೈನು ಮಾತ್ರ ಮುಟ್ಟಬೇಡಿ. ಹಿಡಿಕೆಗೆ ರಬ್ಬರ್ ಹಾಕಿದ್ದು ಕೈ ಜಾರದ ಹಾಗೆ, ಶಾಕ್ ತಡೆಯಲಿಕ್ಕಲ್ಲ" ಅಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಮಣಿಪಾಲದ ಆಫೀಸಿನಲ್ಲಿ ಇಡೀ ದಿನ ಲೆಕ್ಕಪತ್ರ ನೋಡುವ ನನಗೆ ಇದಕ್ಕಿಂತ ದೊಡ್ಡ ಆಯುಧ ಅಂದರೆ ಸ್ಟೇಪ್ಲರ್.

ಅದು ಕತ್ತರಿಸುವ ಚೆಂದವನ್ನು ಒಮ್ಮೆ ನೋಡಬೇಕು. ಬಾಗಿದ ಅಲಗಿನ ಬಾಯೊಳಗೆ ಕೇಬಲನ್ನು ನೇರಕ್ಕೆ, ಓರೆಯಾಗದಂತೆ ಇಟ್ಟು ಟ್ರಿಗರ್ ಒತ್ತಿದರೆ ಒಳಗಿನ ಸಣ್ಣ ಮೋಟರು ಗೇರುಗಳನ್ನು ತಿರುಗಿಸಿ ಅಲಗನ್ನು ಇಷ್ಟಿಷ್ಟೇ ಮುಂದೆ ತಳ್ಳುತ್ತದೆ. ಹೆಬ್ಬೆರಳು ಗಾತ್ರದ ತಾಮ್ರದ ಕೇಬಲು ಬಾಳೆದಿಂಡು ಕೊಯ್ದ ಹಾಗೆ ಎರಡಾಗುತ್ತದೆ. ಇದರ ಅಪಾಯವೂ ಅಲ್ಲೇ ಇರುವುದು. ಹಿಂದೆ ಹ್ಯಾಕ್ಸಾದಲ್ಲಿ ಕೊಯ್ಯುವಾಗ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ನಿಲ್ಲಿಸಿದಾಗ "ಅಲ್ಲ, ಇದು ಯಾವ ಲೈನು?" ಎಂಬ ಪ್ರಶ್ನೆ ತಾನಾಗಿ ಬರುತ್ತಿತ್ತು. ಇಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಕೇಬಲ್ ಎರಡು ತುಂಡು.

ಕೈಗೆ ಬಂದ ಮೇಲೆ ಮನೆಯಲ್ಲಿ ಕತ್ತರಿಸುವಂಥದ್ದು ಏನುಂಟು ಎಂದು ಹುಡುಕುವುದೇ ನನ್ನ ಕೆಲಸವಾಯಿತು. ಅಟ್ಟದ ಹಳೆ ವಯರು, ಕೆಟ್ಟ ಮಿಕ್ಸಿಯ ವಯರು, ಕೆಡದ ಇಸ್ತ್ರಿಪೆಟ್ಟಿಗೆಯ ವಯರು. ಅದೂ ಮುಗಿದ ಮೇಲೆ ಹಿತ್ತಿಲಲ್ಲಿ ಎರಡು ತೆಂಗಿನ ಮರಗಳ ನಡುವೆ ಜೋತುಬಿದ್ದಿದ್ದ ಹಸಿರು ಪ್ಲಾಸ್ಟಿಕ್ಕಿನ ತಂತಿ ಕಣ್ಣಿಗೆ ಬಿತ್ತು. ಅದು ಬಟ್ಟೆ ಒಣಗಿಸುವ ತಂತಿ ಎಂದು ನನಗೆ ಗೊತ್ತಿರಲಿಲ್ಲವೆ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಗೊತ್ತಿತ್ತು. ಆ ಪ್ಲಾಸ್ಟಿಕ್ಕಿನ ಒಳಗೆ ಉಕ್ಕು ಇದೆ ಎಂಬುದು ಗೊತ್ತಿರಲಿಲ್ಲ. ಇಂಥ ಕಟ್ಟರಿನ ಮೇಲೆ ತಾಮ್ರ, ಅಲ್ಯುಮಿನಿಯಂ ಎಂದು ಬರೆದಿದ್ದರೆ ಅದರ ಅರ್ಥ ತಾಮ್ರ, ಅಲ್ಯುಮಿನಿಯಂ ಮಾತ್ರ. ಉಕ್ಕಿನ ತಂತಿಗೆ ಬೇರೆ ಅಲಗಿನ ಕಟ್ಟರೇ ಬೇಕು. ಕಂಬದಿಂದ ಕಂಬಕ್ಕೆ ಎಳೆಯುವ ಹಳೆ ಟೀವಿ ಕೇಬಲಿನ ಬೆನ್ನಿಗೂ, ಈಗಿನ ಇಂಟರ್ನೆಟ್ ಫೈಬರಿನ ಬೆನ್ನಿಗೂ ಉಕ್ಕಿನ ಎಳೆ ಇರುತ್ತದೆ, ನೋಡಲಿಕ್ಕೆ ಎಲ್ಲವೂ ಕಪ್ಪು ವಯರೇ. ಸಾಲದ್ದಕ್ಕೆ ಬಿಗಿದು ಎಳೆದು ಕಟ್ಟಿದ್ದನ್ನು ಕತ್ತರಿಸಬಾರದು, ತುಂಡಾದ ತುದಿ ಚಿಮ್ಮುತ್ತದೆ. ಇದು ಚಿಮ್ಮಿತು. ನಾನು ಕನ್ನಡಕ ಹಾಕಿದ್ದೆ, ಓದುವ ಕನ್ನಡಕ, ಪುಸ್ತಕ ನೋಡಲಿಕ್ಕೆಂದು. ಕಣ್ಣು ಉಳಿಯಿತು. ಅಲಗಿನಲ್ಲಿ ಅಕ್ಕಿಕಾಳಿನ ಗಾತ್ರದ ಒಂದು ಕಚ್ಚು ಬಿತ್ತು, ಮತ್ತು ಒಂದು ವಾರದ ಬಟ್ಟೆ ಆಷಾಢದ ಕೆಸರಿಗೆ ಬಿತ್ತು.

"ಎಂತ ಮಾರಾಯ್ರೆ ನಿಮ್ಮದು? ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಮಾಡಿದ್ದು ನಿಮ್ಮ ಬೆರಳು ಜೋಡಿಸಿಕೊಡ್ಲಿಕ್ಕಲ್ಲ" ಅಂದಳು. ಬೆರಳಿಗೇನೂ ಆಗಿಲ್ಲ ಎಂದು ಹತ್ತೂ ತೋರಿಸಿದೆ. ಬಟ್ಟೆ ಒಗೆಯಲು ಆ ಹತ್ತೂ ಉಪಯೋಗಕ್ಕೆ ಬಂದವು.

ಕಚ್ಚು ಬಿದ್ದ ಅಲಗನ್ನು ಅರದಿಂದ ಉಜ್ಜಿ ಸರಿ ಮಾಡುತ್ತೇನೆ ಎಂದು ಹೊರಟವನನ್ನು ಅಳಿಯ ಫೋನಿನಲ್ಲಿ ತಡೆದ. ಅಲಗು ಹದ ಮಾಡಿದ ಉಕ್ಕು, ಉಜ್ಜಿದರೆ ಎರಡು ಅಲಗುಗಳ ನಡುವಿನ ಸಂದು ಹೆಚ್ಚಾಗಿ ಕೇಬಲ್ ತುಂಡಾಗುವ ಬದಲು ಜಜ್ಜಿ ಸಿಕ್ಕಿಕೊಳ್ಳುತ್ತದೆ, ಬದಲಾಯಿಸುವುದೊಂದೇ ದಾರಿ ಅಂದ. ಸಿಕ್ಕಿಕೊಂಡರೆ ಬೆರಳು ಹಾಕಿ ಎಳೆಯಬೇಡಿ, ಮೊದಲು ಬ್ಯಾಟರಿ ಕಳಚಿ ಎಂದೂ ಸೇರಿಸಿದ. ನನ್ನನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ.

ಹೊಸ ಅಲಗು ಬಂದ ಮೇಲೆ ಆರೈಕೆಯ ಪರ್ವ ಶುರುವಾಯಿತು. ಕಾಪುವಿನಲ್ಲಿ ಕಬ್ಬಿಣ ಸಾಕುವುದು ಸುಲಭವಲ್ಲ. ಕಡಲತೀರದ ದೀಪಸ್ತಂಭ 1901ರಿಂದ ಉಪ್ಪುಗಾಳಿಗೆ ಎದೆಯೊಡ್ಡಿ ನಿಂತಿದೆ ಎಂದರೆ ಅದು ಕಲ್ಲಿನದ್ದು. ನಮ್ಮ ಗೇಟಿನ ಚಿಲಕ ಎರಡು ಮಳೆಗಾಲಕ್ಕೆ ಉದುರುತ್ತದೆ. ಅಲಗಿಗೆ ಎಣ್ಣೆ ಸವರಿ ಇಡಬೇಕು ಎಂದು ಪುಸ್ತಕದಲ್ಲಿತ್ತು, ಯಾವ ಎಣ್ಣೆ ಎಂದು ಓದುವಷ್ಟರಲ್ಲಿ ಅಮ್ಮ ತೆಂಗಿನೆಣ್ಣೆಯ ಕುಪ್ಪಿ ತಂದುಕೊಟ್ಟರು. ತಲೆಗೆ, ದೋಸೆಕಾವಲಿಗೆ, ಬಾಗಿಲ ತಿರುಗಣಿಗೆ, ದೇವರ ದೀಪಕ್ಕೆ ಒಂದೇ ಎಣ್ಣೆ ಬಳಸಿ ಮನೆ ನಡೆಸಿದವರು. ಧಾರಾಳವಾಗಿ ಸವರಿ ಪೆಟ್ಟಿಗೆ ಮುಚ್ಚಿದೆ. ಮುಂದಿನ ಸಲ ತೆರೆದಾಗ ಕಟ್ಟರ್ ಕಾಣಲಿಲ್ಲ, ಇರುವೆಗಳು ಕಂಡವು. ಟ್ರಿಗರಿನ ಸಂದಿಯಿಂದ ಒಂದು ಸಾಲು ಒಳಗೆ ಹೋಗುತ್ತಿತ್ತು, ಗಾಳಿಗೆಂದು ಬಿಟ್ಟ ಸೀಳುಗಳಿಂದ ಇನ್ನೊಂದು ಸಾಲು ಹೊರಗೆ ಬರುತ್ತಿತ್ತು. ಪೆಟ್ಟಿಗೆಯ ಸ್ಪಂಜು ಮಳೆಗಾಲದ ತಂಡಿ ಹೀರಿ ಬೂಸ್ಟು ಹಿಡಿದಿತ್ತು. ಈಗ ಹೊಲಿಗೆ ಮಿಷನ್ನಿನ ಎಣ್ಣೆ, ಒಂದೆರಡು ಹನಿ, ಕೀಲಿಗೂ ಅಲಗಿಗೂ. ಒರೆಸಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಇಡುವುದು. ಸ್ಪಂಜು ಕಿತ್ತೆಸೆದು, ಹೊಸ ಚಪ್ಪಲಿಯ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಕೂಡಿಟ್ಟು ತುಂಬಿದ್ದೇನೆ. ಅದಕ್ಕೋಸ್ಕರ ನಾನು ಚಪ್ಪಲಿ ಕೊಳ್ಳುತ್ತಿದ್ದೇನೆ ಎಂಬ ಆರೋಪದಲ್ಲಿ ಹುರುಳಿಲ್ಲ.

ಬ್ಯಾಟರಿಯದ್ದು ಬೇರೆಯೇ ರಾಮಾಯಣ. ಏಪ್ರಿಲ್ ಸೆಕೆಯಲ್ಲಿ ಒಂದೇ ಸಮನೆ ಕೆಲಸ ತೆಗೆದು ಚಾರ್ಜರಿಗೆ ಹಾಕಿದರೆ ಚಾರ್ಜರು ದೀಪ ಮಿಟುಕಿಸಿ ಬೇಡ ಅಂದಿತು. ಬಿಸಿ ಬ್ಯಾಟರಿಯನ್ನು ಅದು ಮುಟ್ಟುವುದಿಲ್ಲ, ತಣಿಯಬೇಕು. ಬೇಗ ತಣಿಯಲಿ ಎಂದು ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿಗೂ ಮೊಸರಿಗೂ ನಡುವೆ ಇಟ್ಟೆ. ತಣಿಯಿತು. ಹೊರಗೆ ತೆಗೆದ ಕೂಡಲೇ ನಮ್ಮೂರಿನ ಗಾಳಿಯಲ್ಲಿರುವ ನೀರೆಲ್ಲ ಅದರ ಮೈಮೇಲೆ, ತಾಮ್ರದ ಹಲ್ಲುಗಳ ಮೇಲೆ ಹನಿಗಟ್ಟಿತು. ಒದ್ದೆ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು ಬಿಸಿ ಬ್ಯಾಟರಿಗಿಂತ ಕೆಟ್ಟದು. ನೆರಳಲ್ಲಿ ಸುಮ್ಮನೆ ಬಿಟ್ಟಿದ್ದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತಿತ್ತು.

ಆಮೇಲೆಯೇ ಬ್ಯಾಟರಿ ಕಪಾಟಿಗೆ ಹೋದದ್ದು. ಅಲ್ಲಿ ಮೊದಲು ಅದನ್ನು ಇಟ್ಟದ್ದು ಬಂಗಾರದ ಡಬ್ಬದ ಬದಿಯಲ್ಲಿ, ಬಳೆ ಸರಗಳ ಜತೆ. ಇಲ್ಲಿ ಮಾತ್ರ ನಾನು ಗೆದ್ದೆ. ಲೋಹದ ವಸ್ತು ಬ್ಯಾಟರಿಯ ಎರಡು ತುದಿಗೂ ತಾಗಿದರೆ ಶಾರ್ಟ್ ಆಗಿ ಕಾದು ಬೆಂಕಿ ಹಿಡಿಯಬಹುದು, ಬಂಗಾರವೂ ಲೋಹವೇ, ಅದರಲ್ಲೂ ಕರೆಂಟನ್ನು ಬಹಳ ಚೆನ್ನಾಗಿ ಸಾಗಿಸುವ ಲೋಹ ಎಂದು ಹೇಳಿದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಎದುರಾಡದೆ, ಬ್ಯಾಟರಿಗೆ ಮುಚ್ಚಳ ಹಾಕಿ ಸೀರೆಗಳ ಖಾನೆಗೆ ವರ್ಗ ಮಾಡಿದಳು. ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಪೂರ್ತಿ ಇಳಿಸಿಯೂ ಇಡಬಾರದು; ನಾಲ್ಕು ದೀಪಗಳಲ್ಲಿ ಎರಡು ಉರಿಯುವಷ್ಟಿದ್ದರೆ ಮಳೆಗಾಲ ಕಳೆಯುತ್ತದೆ.

ನಮ್ಮ ತಾಲ್ಲೂಕಿನ ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳ ದೊಡ್ಡ ಉಷ್ಣಸ್ಥಾವರ ಇದೆ. ಅಂಥದ್ದರ ಪಕ್ಕದಲ್ಲಿ ಬದುಕಿಯೂ ನನಗೆ ಕರೆಂಟಿನ ಬಗ್ಗೆ ಎರಡೇ ಸಂಗತಿ ಗೊತ್ತಿತ್ತು: ಉಂಟು, ಇಲ್ಲ. ಮೂರನೆಯದನ್ನು ಕಲಿಸಿದವರು ಕಟಪಾಡಿಯ ಎಲೆಕ್ಟ್ರಿಶಿಯನ್. ಜಗಲಿಯ ಹಳೆ ವಯರಿಂಗ್ ತೆಗೆಯಲು ಬಂದಿದ್ದರು. ಕತ್ತರಿಸುವ ಭಾಗ ನನಗೆ ಬಿಡಿ ಎಂದು ಕೇಳಿಕೊಂಡು, ಮೇನ್ ಸ್ವಿಚ್ ಇಳಿಸಿ, ಮನೆಯವರೆಲ್ಲರಿಗೂ ಕೇಳುವ ಹಾಗೆ "ಕರೆಂಟ್ ತೆಗೆದಿದ್ದೇನೆ, ಯಾರೂ ಹೆದರಬೇಡಿ" ಎಂದು ಸಾರಿ, ಕುರ್ಚಿ ಹತ್ತಿ, ವಯರನ್ನು ಅಲಗಿನ ಬಾಯಿಗೆ ಕೊಟ್ಟೆ.

"ಸರ್, ಒಂದು ನಿಮಿಷ" ಅಂದರು ಅವರು, ಬೆರಳನ್ನು ಮೇಲಕ್ಕೆ ತೋರಿಸಿ.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆ ತಂಪಿನಲ್ಲೇ ನಾನು ಭಾಷಣ ಮಾಡಿದ್ದು.

ಜಗಲಿಯ ಲೈನು ಇನ್ವರ್ಟರಿನದ್ದು. ಮೇನ್ ಇಳಿಸಿದೊಡನೆ ಅದು ಕರ್ತವ್ಯಪ್ರಜ್ಞೆಯಿಂದ ಎದ್ದು 230 ವೋಲ್ಟ್ ಕೊಡತೊಡಗಿತ್ತು. ಆ ವಯರಿನಲ್ಲಿ ಫೇಸ್, ನ್ಯೂಟ್ರಲ್ ಎರಡೂ ಜತೆಗೇ ಇದ್ದವು. ಅಲಗು ಎರಡನ್ನೂ ಒಟ್ಟಿಗೆ ಕಚ್ಚಿದ್ದರೆ ಶಾರ್ಟಾಗಿ ಕಿಡಿಯೆದ್ದು ಕಬ್ಬಿಣವೇ ಕರಗುತ್ತಿತ್ತು, ಹಿಡಿದವನ ಗತಿ ಬೇರೆ. ಅವರು ಇನ್ವರ್ಟರನ್ನು ಆರಿಸಿ ತಂತಿ ಬಿಚ್ಚಿದರು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಅದು ಉರಿಯುತ್ತದೋ ಎಂದು ನೋಡಿದ್ದರಂತೆ. ಆಮೇಲೆ ವಯರಿಗೆ ಹಚ್ಚಿದರು. ಕೊನೆಗೆ ಪಕ್ಕದ ಮನೆಯ ಪ್ಲಗ್ಗಿಗೆ ಹೋಗಿ ಮತ್ತೆ ಹಚ್ಚಿ ಬಂದರು. "ಟೆಸ್ಟರ್ ಕೆಟ್ಟಿದ್ದರೂ ದೀಪ ಉರಿಯುವುದಿಲ್ಲ, ಕರೆಂಟ್ ಇಲ್ಲದಿದ್ದರೂ ಉರಿಯುವುದಿಲ್ಲ ಸರ್. ನೋಡ್ಲಿಕ್ಕೆ ಒಂದೇ ಥರ" ಅಂದರು. ಮತ್ತೆ, ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವಯರು ನಮ್ಮ ಯಾವ ಸ್ವಿಚ್ಚಿನ ಮಾತನ್ನೂ ಕೇಳುವುದಿಲ್ಲ, ಅದರ ಸುದ್ದಿಗೆ ಹೋಗದೆ 1912ಕ್ಕೆ ಫೋನ್ ಮಾಡಿ ಎಂದರು. ಇಷ್ಟನ್ನೂ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಹಾಗಾಗಿ ಕಾರ್ಕಳದಿಂದ ಮಾವನ ಫೋನು ಬಂದಾಗ ನನಗೆ ಇದು ಮಾನ ಉಳಿಸಿಕೊಳ್ಳುವ ಅವಕಾಶವಾಗಿ ಕಂಡಿತು. ಅಡಿಕೆ ತೋಟದ ಬೋರ್‌ವೆಲ್ಲಿಗೆ ಹೋಗುವ ನೆಲದಡಿಯ ಕೇಬಲ್ ಒಂದು ಕಡೆ ಸುಟ್ಟಿತ್ತು, ಆ ಭಾಗ ಕತ್ತರಿಸಿ ತೆಗೆಯಬೇಕು. ಪಡುಬಿದ್ರಿ, ಬೆಳ್ಮಣ್, ನಿಟ್ಟೆ ದಾಟಿ ಹೋದೆವು. ಬ್ಯಾಟರಿ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಮಾವ ಬ್ಯಾಟರಿಯ ಸಾಮಾನುಗಳನ್ನು ನಂಬುವವರಲ್ಲ. ವೀರಪಾಂಡ್ಯ ಅರಸನ ಕಾಲಕ್ಕೆ, 1432ರಲ್ಲಿ, 42 ಅಡಿಯ ಏಕಶಿಲೆಯ ಬಾಹುಬಲಿಯನ್ನು ಬಂಡೆಯ ನೆತ್ತಿಯಲ್ಲಿ ನಿಲ್ಲಿಸಿದ ಊರಿನವರು. ಅದಕ್ಕೆ ಯಾರೂ ಚಾರ್ಜರ್ ಹುಡುಕಿರಲಿಲ್ಲ. ಗ್ಲೌಸು, ದೊಡ್ಡ ಕನ್ನಡಕ ಏರಿಸಿ ಬಂದ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿ, ಏನೂ ಹೇಳದೆ ಪಂಪುಶೆಡ್ಡಿಗೆ ನಡೆದರು.

ಕರೆಂಟ್ ಆಗಲೇ ಹೋಗಿತ್ತು. "ಲೈನೇ ಇಲ್ಲವಲ್ಲ ಮಾವ, ಶುರು ಮಾಡುವನಾ?" ಅಂದೆ. ಅವರು ಕಬ್ಬಿಣದ ಮೇನನ್ನು ಕೆಳಗೆಳೆದು, ಮುಚ್ಚಳ ತೆಗೆದು, ಮೂರು ಫೇಸಿನ ಮೂರು ಬಿಳಿ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. "ಆಟೋ ಸ್ಟಾರ್ಟರ್ ಉಂಟು ಅಳಿಯಂದ್ರೆ. ಕರೆಂಟ್ ಬಂದ ಕೂಡಲೆ ಅದು ನಿಮ್ಮನ್ನೂ ಕೇಳುವುದಿಲ್ಲ, ನನ್ನನ್ನೂ ಕೇಳುವುದಿಲ್ಲ." ಎಲೆಅಡಿಕೆಯ ಸಂಚಿ ಬಿಚ್ಚಿ ವೀಳ್ಯದೆಲೆಗಳ ನಡುವೆ ಎರಡು ಫ್ಯೂಸು ತುರುಕಿದರು, ಮೂರನೆಯದನ್ನು ನನ್ನ ಕೈಗೆ ಕೊಟ್ಟರು. "ಕೆಲಸ ಮಾಡುವವನ ಹತ್ತಿರ ಒಂದು ಇರಬೇಕು. ಇನ್ಯಾರಾದರೂ ಬಂದು ಹಾಕುವ ಹಾಗಿಲ್ಲ." ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಬಣ್ಣದ ಬೀಗ, ಹೆಸರು ಬರೆದ ಚೀಟಿ ಎಲ್ಲ ಉಂಟೆಂದು ಅಳಿಯ ಹೇಳಿದ್ದ. ಇಲ್ಲಿ ಸಂಚಿಯಲ್ಲೇ ಮುಗಿಯಿತು.

ಕೇಬಲ್ ಅಗೆದು ನೋಡಿದರೆ ಆರ್ಮರ್ಡ್. ಸಿಪ್ಪೆಯೊಳಗೆ ಸುತ್ತಲೂ ಉಕ್ಕಿನ ಪಟ್ಟಿ. ಇದನ್ನು ನನ್ನ ಕಟ್ಟರ್ ಕತ್ತರಿಸುವಂತಿಲ್ಲ ಎಂದು ಪುಸ್ತಕದ ಪುಟಸಂಖ್ಯೆ ಸಮೇತ ಹೇಳಿದೆ. "ಹೌದಾ?" ಎಂದ ಮಾವ ಕುಕ್ಕರಗಾಲಲ್ಲಿ ಕೂತು, ಹ್ಯಾಕ್ಸಾದಿಂದ ಕೇಬಲಿನ ಸುತ್ತ ಉಕ್ಕಿನಷ್ಟಕ್ಕೇ ಗೀರಿ, ಇಕ್ಕಳದಲ್ಲಿ ಪಟ್ಟಿಗಳನ್ನು ಬಿಡಿಸಿ ಮಡಚಿದರು. ಒಳಗಿಂದ ಕೆಂಪು, ಹಳದಿ, ನೀಲಿ ಬಣ್ಣದ ಮೂರು ಅಲ್ಯುಮಿನಿಯಂ ಎಳೆ ಹೊರಬಂದವು. ಟೆಸ್ಟರ್ ಹಚ್ಚಿ ನೋಡಿದ ಮೇಲೆ "ಹ್ಞಾಂ, ಈಗ ನಿಮ್ಮದು" ಅಂದರು. ಹೆಂಡತಿ ಬ್ಯಾಗಿನಿಂದ ಬ್ಯಾಟರಿ ತೆಗೆದುಕೊಟ್ಟಳು. ಎಡಗೈಯನ್ನು ದೂರ ಇಟ್ಟು, ಎಳೆಯನ್ನು ನೇರ ಹಿಡಿದು, ಟ್ರಿಗರ್ ಒತ್ತಿದೆ. ಮೂರೂ ಎಳೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ತುಂಡು. ಮಾವ ಕೊಯ್ದ ತುದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಪರವಾಗಿಲ್ಲ. ಸುಲಿದು ಕೊಟ್ಟರೆ ತಿನ್ನುತ್ತದೆ" ಅಂದರು. ಕಟ್ಟರಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ.

ಜೋಡಣೆಗೆ ಅವರ ಊರಿನ ಎಲೆಕ್ಟ್ರಿಶಿಯನ್ ಬರುವವರಿದ್ದರು. ಅತ್ತೆ ಕೊಟ್ಟ ಪತ್ರೊಡೆ ತಿಂದು, ಗೆದ್ದವನ ಗತ್ತಿನಲ್ಲಿ ಕಾರು ಹತ್ತಿದೆ. ಬೆಳ್ಮಣ್ ಹತ್ತಿರ ಬರುವಾಗ ಅತ್ತೆಯ ಫೋನು ಬಂತು, ಹೆಂಡತಿ ಸ್ಪೀಕರಿಗೆ ಹಾಕಿದಳು. ಜೋಡಿಸಿ ಆಯಿತಂತೆ. ತ್ರೀ ಫೇಸ್ ಬಂದಿದೆಯಂತೆ. ಆದರೆ ಫ್ಯೂಸು ಎರಡೇ ಉಂಟು, ಎರಡು ಫೇಸಿನಲ್ಲಿ ಪಂಪು ಬಿಟ್ಟರೆ ಮೋಟರು ಸುಡುತ್ತದೆಂದು ಮಾವ ಶೆಡ್ಡಿನ ಬಾಗಿಲಲ್ಲಿ ಕೂತಿದ್ದಾರಂತೆ. ಪ್ಯಾಂಟಿನ ಕಿಸೆಯಲ್ಲಿ ಏನೋ ಒತ್ತುತ್ತಿರುವುದು ನನಗೆ ನಿಟ್ಟೆಯಿಂದಲೇ ಗಮನಕ್ಕೆ ಬಂದಿತ್ತು. ಕಾರಿನ ಕೀ ಎಂದುಕೊಂಡಿದ್ದೆ, ಅದು ಸ್ಟೀರಿಂಗಿನ ಬದಿಯಲ್ಲೇ ಇದ್ದರೂ.

ಹೆಂಡತಿ ಏನೂ ಹೇಳಲಿಲ್ಲ, ರಸ್ತೆಯ ಆಚೆ ಬದಿಯನ್ನು ತೋರಿಸಿದಳು. ನಾನು ತಿರುಗಿಸುತ್ತಿರುವಾಗ ಅತ್ತೆ ಮತ್ತೆ ಹೇಳಿದರು:

"ಹೇಗೂ ವಾಪಸು ಬರ್ತೀರಲ್ಲ, ಬೆಳ್ಮಣ್‌ನಿಂದ ಒಂದು ಕಟ್ಟು ವೀಳ್ಯದೆಲೆ ತನ್ನಿ ಅಂತ ಹೇಳ್ತಿದ್ದಾರೆ. ಸಂಚಿಯಲ್ಲಿ ಇದ್ದದ್ದಕ್ಕೆಲ್ಲ ಫ್ಯೂಸಿನ ಮಸಿ ಹಿಡಿದಿದೆಯಂತೆ."