ಗೇಣಗಲದ ಬೋರ್ಡು, ಮೂರು ಕಿಲೋಮೀಟರ್ ಗಣಿ

ಕೆಜಿಎಫ್‌ನ ಚಿನ್ನದ ಗಣಿಗಳಿಗೆ ಬೀಗ ಬಿದ್ದದ್ದು 2001ರ ಫೆಬ್ರುವರಿ 28ರಂದು. ತೈವಾನಿನ ವಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು ಹೊರತಂದದ್ದೂ ಅದೇ ವರ್ಷ. ಒಂದಕ್ಕೂ ಇನ್ನೊಂದಕ್ಕೂ ಎತ್ತಣ ಸಂಬಂಧ? ಆದರೂ ರಾಬರ್ಟ್‌ಸನ್‌ಪೇಟೆಯ ನಮ್ಮಕ್ಕನ ಮನೆಯಲ್ಲಿ ಎರಡೂ ಎದುರುಬದುರಾದವು. ಬೋರ್ಡು ಅಕ್ಕನ ಮಗನದು, ಗಣಿ ಅವನ ತಾತನದು.

ಹುಡುಗ ಅದನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಮಾರಿಕುಪ್ಪಂ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ನನ್ನನ್ನು ಮಾತಾಡಿಸಲು ಬಂಗಾರಪೇಟೆಯಲ್ಲಿ ಇಳಿದವನು ಪಾನಿಪುರಿ ತಿನ್ನುವಾಗಲೂ ಡಬ್ಬ ಕೆಳಗಿಡಲಿಲ್ಲ. (ನಮ್ಮೂರ ಪಾನಿ ತಿಳಿನೀರಿನ ಹಾಗೇ ಇರುತ್ತದೆ, ಹಸಿರಾಗಿರಬೇಕೆನ್ನುವವರ ಜತೆ ನಾನು ವಾದಕ್ಕಿಳಿಯುವುದಿಲ್ಲ.) “ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಲಾಟು ಮಾಮ, ರ‍್ಯಾಮಿಗೆ ಎರಡೇ. ಆದ್ರೂ ದೊಡ್ಡ ಬೋರ್ಡಿನಷ್ಟೇ ಜೋರಾಗಿ ಗೇಮ್ ಓಡುತ್ತೆ, ನೋಡ್ತಿರಿ.”

ಮಾತು ಸುಳ್ಳಲ್ಲ. ಪ್ರೊಸೆಸರು, ಕಾರ್ಡು ಅವೇ ಆದರೆ ಬೋರ್ಡಿನ ಅಳತೆಯಿಂದ ಆಟದ ವೇಗ ಹೆಚ್ಚುಕಡಿಮೆಯಾಗುವುದು ಅಪರೂಪ. ಚಿಕ್ಕ ಡಬ್ಬದೊಳಗೆ ಕಾಡುವುದು ಬಿಸಿ.

ಪರೀಕ್ಷೆಗೆ ಅವನು ಆರಿಸಿದ್ದು ಮೈನ್‌ಕ್ರಾಫ್ಟ್. ನೆಲ ಅಗೆಯುವ ಆಟವೆಂದು ಕೇಳಿದ್ದೇ ತಡ, ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದ ತಾತ ಕುರ್ಚಿ ಎಳೆದುಕೊಂಡರು.

“ಆಸರೆಗೆ ಮರ ಎಲ್ಲೋ? ಇಷ್ಟು ಕೆಳಗೆ ಹೋದ್ರೂ ಬಂಡೆ ಸಿಡಿಯಲ್ವಾ, ರಾಕ್‌ಬರ್ಸ್ಟ್ ಆಗಲ್ವಾ?”

“ಇದ್ರಲ್ಲಿ ಆಗಲ್ಲ ತಾತ.”

“ಸರಿ ಬಿಡು, ಕಂಪನಿಯವರಿಗೆ ಇಂಥ ಗಣೀನೇ ಬೇಕಾಗಿತ್ತು.”

ಮೊದಲಿಗೆ ಸೆಕೆಂಡಿಗೆ ತೊಂಬತ್ತು ಫ್ರೇಮು ಬಂತು. ಹುಡುಗ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ. ಆಮೇಲೆ ಕರೆಂಟು ಹೋಯಿತು. 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲು, ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು! ಕರೆಂಟು ಬಂದ ಮೇಲೆ ಕೇಸಿನ ಮುಚ್ಚಳ ಹಾಕಿ ಮತ್ತೆ ಶುರು ಮಾಡಿದರು. ಏಪ್ರಿಲ್ ಮಧ್ಯಾಹ್ನ. ಅರ್ಧ ಗಂಟೆಯೊಳಗೆ ಫ್ರೇಮುಗಳು ಕುಸಿದವು, ಫ್ಯಾನು ಕಿರುಚಿತು. ನೂರು ಡಿಗ್ರಿ ಹತ್ತಿರವಾದರೆ ಪ್ರೊಸೆಸರು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ.

ತಾತ ಕೇಸಿನ ಹಿಂದೆ ಮುಂದೆ ಅಂಗೈ ಹಿಡಿದು ನೋಡಿದರು. ಅವರ ಗಣಿ ಮೂರು ಕಿಲೋಮೀಟರಿಗೂ ಆಳ; ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಮೇಲಿನಿಂದ ತಣಿಸಿದ ಗಾಳಿ ಕಳಿಸಬೇಕಿತ್ತು. “ಗಾಳಿ ಇಳಿಯೋಕೆ ಒಂದು ಶಾಫ್ಟು, ಮೇಲಕ್ಕೆ ಬರೋಕೆ ಇನ್ನೊಂದು. ನೀನು ಎರಡು ಫ್ಯಾನೂ ಒಳಕ್ಕೇ ಊದೋ ಹಂಗೆ ಕೂರ್ಸಿದೀಯಲ್ಲೋ!”

ಹಿಂದಿನ ಫ್ಯಾನು ತಿರುಗಿಸಿದ ಮೇಲೆ ತೊಂಬತ್ತೇನೂ ವಾಪಸು ಬರಲಿಲ್ಲ. ಎಪ್ಪತ್ತರ ಆಸುಪಾಸಿನಲ್ಲಿ ನಿಂತು, ಸಂಜೆಯವರೆಗೂ ಕದಲಲಿಲ್ಲ. ನನ್ನ ಲೆಕ್ಕದಲ್ಲಿ ಆ ಬೋರ್ಡಿನ ನಿಜವಾದ ಅಂಕ ಅದೇ. ಇನ್ನು ಮುಂದೆ ಯಾರಾದರೂ ಚಿಕ್ಕ ಬೋರ್ಡಿನ ದೊಡ್ಡ ಸಂಖ್ಯೆ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ: ಮುಚ್ಚಳ ಹಾಕಿತ್ತೇ? ತಿಂಗಳು ಯಾವುದು?