ನವೀನ್ ರಾವ್, ದೇವರಗಟ್ಟಿನ ಬಡಿಗೆ ಮತ್ತು ಬರಲಿರುವ ಯುದ್ಧ

2025ನೇ ಇಸವಿ ಬಂತು, ಹೋಯ್ತು, ಯಾರೂ ಮಾತೇ ಎತ್ತಲಿಲ್ಲ ನೋಡಿ. ‘ಬ್ಲ್ಯಾಕ್ ಆಪ್ಸ್ 2’ ಅನ್ನೋ ಶೂಟಿಂಗ್ ಆಟ ಹೇಳಿದ್ದೇ ನಿಜವಾಗಿದ್ದರೆ ಆ ವರ್ಷ ಮೆನೆಂಡೆಜ್ ಅನ್ನೋ ಪುಣ್ಯಾತ್ಮ ಅಮೆರಿಕದ ಡ್ರೋನುಗಳನ್ನೆಲ್ಲ ಹ್ಯಾಕ್ ಮಾಡಿ ಅವರದೇ ಲಾಸ್ ಏಂಜಲೀಸ್ ಮೇಲೆ ಬಿಡಬೇಕಿತ್ತು. ನಮ್ಮ ಆದೋನಿಯಲ್ಲಿ ಆ ವರ್ಷವೂ ಹತ್ತಿ ಮಾರ್ಕೆಟ್ ಯಾರ್ಡಿನ ಮುಂದೆ ಗಾಡಿಗಳ ಸಾಲು, ತೇವ ಜಾಸ್ತಿ ಐತಿ ಅಂತ ರೇಟು ಇಳಿಸೋರು, ಇಳಿಸಬ್ಯಾಡ್ರಪ್ಪಾ ಅಂತ ಕೈ ಮುಗಿಯೋರು. ಡ್ರೋನು ನಮ್ಮ ಕಡೆಗೂ ಬಂದಿದೆ, ಇಲ್ಲ ಅನ್ನೋ ಹಾಗಿಲ್ಲ. ಅದರ ಮಾತು ಆಮೇಲೆ.

ಈ ಶೂಟಿಂಗ್ ಆಟಗಳ ಬಗ್ಗೆ ನನಗೆ ಬಂದಿರೋ ಜ್ಞಾನವೆಲ್ಲ ಕಾಂಪೌಂಡಿನ ಆಚೆಯಿಂದ ಬಂದದ್ದು. ಪಕ್ಕದ ಮನೆ ಹುಡುಗ, ಅವನ ಗೆಳೆಯರು, ರಾತ್ರಿ ಊಟವಾದ ಮೇಲೆ ಮೆಟ್ಟಿಲ ಮೇಲೆ ಕೂರ್ತಾರೆ. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೈದು, ಇಂಗ್ಲಿಷಿನಲ್ಲಿ ತೀರ್ಪು ಕೊಡೋದು ಅವರ ಕ್ರಮ. ಆಟ ಆಡೋದಕ್ಕಿಂತ ಆಟದ ಬಗ್ಗೆ ಜಗಳ ಆಡೋದರಲ್ಲೇ ಅವರಿಗೆ ರುಚಿ ಜಾಸ್ತಿ. “ಬ್ಲ್ಯಾಕ್ ಆಪ್ಸ್ 2 ಟಾಪು ಮಾಮಾ. ನಾವು ತಗೊಂಡ ನಿರ್ಧಾರದ ಮೇಲೆ ಕೊನೇ ಕಥೆ ಬದಲಾಗ್ತದ. ಒಂದು ಸ್ಟ್ರೈಕ್ ಫೋರ್ಸ್ ಬಿಟ್ಟು” ಅಂತಾನೆ ಅವನು. ಸ್ಟ್ರೈಕ್ ಫೋರ್ಸ್ ಅನ್ನೋ ಆ ಭಾಗದಲ್ಲಿ ನಮ್ಮ ಕೈಕೆಳಗೊಂದು ಪಡೆ ಕೊಡ್ತಾರಂತೆ. ಇಲ್ಲಿ ಹೋಗು ಅಂದ್ರೆ ಅಲ್ಲಿ ಹೋಗೋ ಪಡೆ, ನಿಂತ ಕಡೆಯೇ ಗುಂಡು ತಿನ್ನೋ ಪಡೆ. ಕೆಲಸದೋರನ್ನ ಇಟ್ಟು ದುಡಿಸಿದ ಯಾರಿಗಾದರೂ ಅರ್ಥವಾಗೋ ಸಂಕಟ ಬಿಡಿ.

ಆ ಆಟದ ಭವಿಷ್ಯವಾಣಿ 2025ರ ತನಕವೂ ಕಾಯಲಿಲ್ಲ ಅನ್ನೋದು ನನಗೆ ಬಲು ಇಷ್ಟವಾದ ಸಂಗತಿ. ಅದರಲ್ಲಿ 2025ರ ಅಮೆರಿಕದ ರಕ್ಷಣಾ ಮಂತ್ರಿ ಅಂತ ಡೇವಿಡ್ ಪೆಟ್ರೇಯಸ್‌ರನ್ನ ಕೂರಿಸಿದ್ದರು, ನಿಜವಾದ ಮನುಷ್ಯ, ಆಗ ಸಿಐಎ ಮುಖ್ಯಸ್ಥ. ಆಟ ಅಂಗಡಿಗೆ ಬರೋದು 2012ರ ನವೆಂಬರ್ 13ಕ್ಕೆ. ನವೆಂಬರ್ 9ಕ್ಕೆ ಆ ಮಹಾರಾಯರು ಮದುವೆಯಾಚೆಯ ಸಂಬಂಧದ ಗಲಾಟೆಯಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು! ಡಿಸ್ಕುಗಳೆಲ್ಲ ಆಗಲೇ ಅಚ್ಚಾಗಿ ಲಾರಿ ಹತ್ತಿರಬೇಕು. ಏನು ಮಾಡ್ತಾರೆ ಪಾಪ? ಆಟದೊಳಗೆ ಅವರು ಇವತ್ತಿಗೂ ಮಂತ್ರಿಯೇ.

ಭವಿಷ್ಯ ಹೇಳೋದಿದ್ರೆ ದೂರದ್ದು ಹೇಳಬೇಕು ಕಣ್ರೀ. ನಾವು ಹುಡುಗರಾಗಿದ್ದಾಗ ಟಿ.ವಿ.ಗೆ ಚುಚ್ಚೋ ಕ್ಯಾಸೆಟ್ಟಿನ ‘ಕಾಂಟ್ರಾ’ ಇತ್ತಲ್ಲ, ಅದರ ಜಪಾನಿ ಕಥೆ ನಡೆಯೋದು 2633ರಲ್ಲಿ. ಯಾರು ಬದುಕಿರ್ತಾರೆ ತಪ್ಪು ಹುಡುಕೋಕೆ? ಹತ್ತು ಹದಿನೈದು ವರ್ಷದ ಆಚೆಗೆ ಅಂತ ಹೇಳೋರಿಗೇ ಕಷ್ಟ, ಆಡಿದ ಹುಡುಗ ಮೀಸೆ ಬಂದು ವಾಪಸ್ ಕೇಳ್ತಾನೆ. ಆದ್ರೆ ‘ಹೋಮ್‌ಫ್ರಂಟ್’ ಒಂದು ಕಡೆ ಹತ್ತಿರ ಹೋಗಿತ್ತು. 2011ರ ಮಾರ್ಚ್‌ನಲ್ಲಿ ಬಂದ ಆಟ ಅದು. ಉತ್ತರ ಕೊರಿಯಾದ ಕಿಮ್ ಜಾಂಗ್ ಇಲ್ 2012ರಲ್ಲಿ ಸಾಯ್ತಾನೆ, ಮಗ ಕಿಮ್ ಜಾಂಗ್ ಉನ್ ಗಾದಿಗೆ ಬರ್ತಾನೆ ಅಂತ ಅದರ ಕಥೆ. ಮನುಷ್ಯ ಸತ್ತದ್ದು 2011ರ ಡಿಸೆಂಬರ್‌ನಲ್ಲಿ. ಸ್ವಲ್ಪ ಅವಸರ ಮಾಡಿದ ಅಷ್ಟೆ, ಮಗನ ಲೆಕ್ಕ ಮಾತ್ರ ಸರಿ! ಅದೇ ಆಟದಲ್ಲಿ ಕೊರಿಯಾದವರು ಅಮೆರಿಕವನ್ನೇ ಹಿಡ್ಕೊಂಡು 2027ರಲ್ಲಿ ಆಳ್ತಿರ್ತಾರೆ. ಅದನ್ನ ನಾವು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡೋಣ.

ನಮ್ಮ ಕಡೆ ಭವಿಷ್ಯ ಹೇಳೋರಿಗೆ ಈ ಕಷ್ಟವಿಲ್ಲ. ಹೊಳಗುಂದ ಮಂಡಲದ ದೇವರಗಟ್ಟು ಬೆಟ್ಟದಲ್ಲಿ ದಸರೆಯ ರಾತ್ರಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ ಮುಗಿದ ಮೇಲೆ ಕಾರಣಿಕ ಆಗ್ತದಲ್ಲ? ಮಳೆ ಹೆಂಗೆ, ಹತ್ತಿ ರೇಟು ಎಷ್ಟರಿಂದ ಎಷ್ಟಕ್ಕೆ, ಜೋಳ ಎಷ್ಟಕ್ಕೆ ಅಂತ. ಹಡಗಲಿ ಕಡೆಯ ಮೈಲಾರದಲ್ಲಾದ್ರೆ ಗೊರವಯ್ಯ ಬಿಲ್ಲು ಏರಿ ಒಂದೇ ಒಂದು ಸಾಲು ಹೇಳಿ ಕೆಳಗೆ ಬೀಳ್ತಾನೆ. ಎರಡೂ ಕಡೆ ಅದೇ ಮಣಿ-ಮಲ್ಲಾಸುರರನ್ನ ಕೊಂದ ಕಥೆ. ಒಂದು ಸಾಲು ಹೇಳಿದ್ರೆ ಅನುಕೂಲ ನೋಡಿ, ವರ್ಷಪೂರ್ತಿ ಊರವರೇ ಅರ್ಥ ಹಚ್ಚಿಕೊಳ್ತಾರೆ. ರೇಟು ತಪ್ಪಿದ್ರೂ ದೇವರ ತಪ್ಪಲ್ಲ, ದಲ್ಲಾಳಿಗಳದ್ದು. ಆಟದೋರು ಹಂಗಲ್ಲ. ಇಸವಿ, ಬಂದೂಕು, ಮಂತ್ರಿಯ ಮುಖ, ಬೂಟಿನ ಲೇಸು, ಎಲ್ಲಾ ಬಿಡಿಸಿ ತೋರಿಸ್ತಾರೆ. ತೋರಿಸಿದಷ್ಟೂ ಸಿಕ್ಕಿಬೀಳ್ತಾರೆ, ಅಲ್ವಾ?

ಸಿಕ್ಕಿಬಿದ್ದೋರ ಪೈಕಿ ದೊಡ್ಡೋರು ‘ಬ್ಯಾಟಲ್‌ಫೀಲ್ಡ್ 2042’ ಮಾಡಿದೋರು. ಅದರಲ್ಲಿ ನಮ್ಮೋರೂ ಒಬ್ಬರಿದ್ದಾರೆ ಅಂತ ಗೊತ್ತಾದಾಗ ನಾನು ಗೇಟು ತೆಗೆದು ಆಚೆ ಮನೆಗೇ ಹೋದೆ. ನವೀನ್ ರಾವ್ ಅಂತ ಹೆಸರು, ಭಾರತದವನು, ಶತ್ರುವಿನ ಗಾಡಿ, ಯಂತ್ರಗಳನ್ನ ದೂರದಿಂದಲೇ ಹ್ಯಾಕ್ ಮಾಡೋದು ಕಸುಬು. ಯಾವ ಊರಿನ ರಾವ್, ಯಾವ ಶಾಖೆ ಅಂತ ಕೇಳಿದೆ. ಹುಡುಗರು ನಕ್ಕರು. ಮಂತ್ರಾಲಯ ಪಕ್ಕದಲ್ಲೇ ಇರೋ ಊರಿನೋರು ನಾವು, ಕೇಳದೆ ಇರೋಕಾಗ್ತದೇನ್ರಿ? ಒಂದು ಮ್ಯಾಪಂತೂ ಗುಜರಾತಿನ ಅಲಂಗ್ ಕಡಲತೀರ, ಹಳೇ ಹಡಗು ಒಡೆಯೋ ಜಾಗ. 128 ಜನ ಒಟ್ಟಿಗೆ ಅಲ್ಲಿ ಗುಂಡು ಹಾರಿಸ್ಬೋದು. ಸುಂಟರಗಾಳಿ ಬಂದು ಗಾಡಿಗಳನ್ನೇ ಎತ್ತಿ ಒಗೀತದೆ.

ಇಷ್ಟೆಲ್ಲ ಇಟ್ಟು 2021ರ ನವೆಂಬರ್‌ನಲ್ಲಿ ಬಿಟ್ಟರು. ಆಡೋರು ಸಿಟ್ಟಿಗೆದ್ದಿದ್ದು ಯಾತಕ್ಕೆ ಗೊತ್ತಾ? ಸ್ಕೋರ್‌ಬೋರ್ಡಿಗೆ! ಹಿಂದಿನ ಆಟಗಳಲ್ಲಿ ಇರೋ ಹಂಗೆ ಯಾರು ಎಷ್ಟು ಹೊಡೆದ್ರು, ಎಷ್ಟು ಸಲ ಸತ್ತರು ಅನ್ನೋ ಪಟ್ಟಿಯೇ ಇರಲಿಲ್ಲ. ಸಿಪಾಯಿಗಳನ್ನ ಕೆಲಸದ ಪ್ರಕಾರ ವಿಂಗಡಿಸೋ ಹಳೇ ಕ್ಲಾಸ್ ಪದ್ಧತಿ ತೆಗೆದು ಸ್ಪೆಷಲಿಸ್ಟ್ ಅಂತ ಹತ್ತು ಮುಖ ತಂದ್ರು. ಹಿಂಗಾಗಿ ಎರಡೂ ಕಡೆ ಅದೇ ಮುಖಗಳು, ನವೀನ್ ರಾವ್‌ಗೇ ನವೀನ್ ರಾವ್ ಗುಂಡು ಹೊಡೆಯೋ ಪರಿಸ್ಥಿತಿ. ಸೋತು ಸುಣ್ಣವಾಗಿ ಕೂತಾಗ ಅದೇ ಮುಖಗಳು ಪರದೆ ಮೇಲೆ ಬಂದು ತಮಾಷೆ ಮಾತು ಬೇರೆ ಆಡೋವು. ಆ ಚಳಿಗಾಲದಲ್ಲೇ ಸಾಂತಾ ಕ್ಲಾಸ್ ವೇಷದ ಸಿಪಾಯಿಯ ಚಿತ್ರ ಸೋರಿಕೆಯಾಗಿ ಮತ್ತೊಂದು ರಾದ್ಧಾಂತ. ದುಡ್ಡು ವಾಪಸ್ ಕೊಡಿ ಅನ್ನೋ ಮನವಿಗೆ ಎರಡು ಲಕ್ಷಕ್ಕೂ ಮಿಕ್ಕಿ ಸಹಿ ಬಿತ್ತು. ಸ್ಕೋರ್‌ಬೋರ್ಡ್ ಬಂದಿದ್ದು ಮಾರನೇ ವರ್ಷ, ಕ್ಲಾಸ್ ಪದ್ಧತಿ ತಿರುಗಿ ಬಂದಿದ್ದು 2023ಕ್ಕೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅನ್ನೋದು ಕೋಟೆ ಇರೋ ನಮ್ಮೂರಲ್ಲಿ ಹೇಳೋ ಮಾತೇ ಅಲ್ವಾ?

ಆ ಆಟದ ಕಥೆಯಲ್ಲಿ ನೋ-ಪ್ಯಾಟ್ ಅಂತ ಜನ ಬರ್ತಾರೆ. ಹವಾಮಾನ ಕೆಟ್ಟು, ದೇಶಗಳು ಕುಸಿದು, ಯಾವ ದೇಶಕ್ಕೂ ಸೇರದೆ ಉಳಿದೋರು. ಹುಡುಗರು ಇದನ್ನ ಹಾರಿಸಿಬಿಡ್ತಾರೆ, ಕಥೆ ಯಾರಿಗೆ ಬೇಕು ಅಂತ. ನನಗೆ ಮಾತ್ರ ಅಲ್ಲೇ ಮನಸ್ಸು ನಿಲ್ತು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಹಳ್ಳಿಗಳು ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಸಮೇತ ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ ಹೋಗೋದನ್ನ ನೋಡಿದೋರಿಗೆ 2042 ಅಂದ್ರೆ ಬಹಳ ದೂರ ಅನ್ನಿಸಲ್ಲ. ಊರು ಬಿಡದೇ ಸೀಮೆ ಬದಲಾಯಿಸಿದೋರು ಬೇರೆ ಇದ್ದೀವಿ ನಾವು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ನಮ್ಮಜ್ಜಿ ಅದೇ ಒಲೆ ಮುಂದೆ ಕೂತು ಅದೇ ಕನ್ನಡ ಮಾತಾಡ್ತಾ ಇನ್ನೊಂದು ರಾಜ್ಯಕ್ಕೆ ಬಂದುಬಿಟ್ಟಳು. ಕಾಕತಾಳೀಯ ಏನಂದ್ರೆ, ಈ ಹುಡುಗರ ಫೋನಿನಲ್ಲಿರೋ ‘ಕಾಲ್ ಆಫ್ ಡ್ಯೂಟಿ: ಮೊಬೈಲ್’ ಬಿಡುಗಡೆಯಾದದ್ದೂ ಅಕ್ಟೋಬರ್ 1ಕ್ಕೇ, 2019ರಲ್ಲಿ. ಇದನ್ನ ಹೇಳಿದ್ರೆ ಅವರು “ಹೌದಾ ಮಾಮಾ” ಅಂತ ಫೋನಿನಿಂದ ತಲೆ ಎತ್ತದೆ ಅಂತಾರೆ.

ಇನ್ನೊಂದು ವಿಚಿತ್ರ ಕೇಳಿ. ಮುಂದಿನ ಕಾಲದ ಸಿಪಾಯಿ ಅಂದ್ರೆ ಹಾರಬೇಕು ಅಂತ ಮಾಡಿದೋರ ಲೆಕ್ಕ. 2014ರ ‘ಅಡ್ವಾನ್ಸ್ಡ್ ವಾರ್‌ಫೇರ್’ನಲ್ಲಿ ಮೈಗೆ ಯಂತ್ರದ ಕವಚ ಕಟ್ಟಿ ಗೋಡೆಯಷ್ಟೆತ್ತರ ಹಾರಿಸಿದ್ರು. ಕೆಲವರಿಗೆ ಖುಷಿಯಾಯ್ತು, ಬಹಳ ಜನಕ್ಕೆ ತಲೆ ಸುತ್ತು ಬಂತು. ಆ ಆಟದಿಂದ ಲೋಕಕ್ಕೆ ಉಳಿದದ್ದು ಹಾರಾಟ ಅಲ್ಲ, ಒಂದು ಶವಸಂಸ್ಕಾರ. ಸತ್ತ ಗೆಳೆಯನ ಪೆಟ್ಟಿಗೆ ಮುಂದೆ ನಿಂತಾಗ, ಗೌರವ ಸಲ್ಲಿಸೋಕೆ ಎಫ್ ಒತ್ತಿ ಅಂತ ಪರದೆ ಮೇಲೆ ಬರ್ತದೆ. ದುಃಖಕ್ಕೂ ಒಂದು ಬಟನ್ನೇ ಅಂತ ಜಗತ್ತೆಲ್ಲ ನಕ್ಕಿತು. ಈಗ ನಮ್ಮ ಹುಡುಗರು ಎಲ್ಲದಕ್ಕೂ ಎಫ್. ಕರೆಂಟ್ ಹೋದ್ರೆ ಎಫ್, ಸಪ್ಲಿಮೆಂಟರಿ ಬಂದ್ರೆ ಎಫ್. ಮೊನ್ನೆ ನಮ್ಮ ಮಿಕ್ಸಿ ಸುಟ್ಟುಹೋಯ್ತು ಅಂದಾಗಲೂ ಕಾಂಪೌಂಡಿನ ಆಚೆಯಿಂದ ಗಂಭೀರವಾಗಿ “ಎಫ್ ಮಾಮಾ” ಅಂತ ಬಂತು.

2016ರ ಮೇ ತಿಂಗಳಲ್ಲಿ ಅದೇ ಕಾಲ್ ಆಫ್ ಡ್ಯೂಟಿಯೋರು ‘ಇನ್ಫಿನಿಟ್ ವಾರ್‌ಫೇರ್’ ಅಂತ ಬಾಹ್ಯಾಕಾಶಕ್ಕೇ ಹಾರಿಸೋ ಟ್ರೇಲರ್ ಬಿಟ್ಟರು ನೋಡಿ, ಅದಕ್ಕೆ ಮೂವತ್ತು ಲಕ್ಷ ದಾಟಿ ಡಿಸ್‌ಲೈಕ್ ಬಿದ್ದವು. ಅದೇ ವಾರ ಬಂದ ‘ಬ್ಯಾಟಲ್‌ಫೀಲ್ಡ್ 1’ರ ಟ್ರೇಲರ್, ನೂರು ವರ್ಷ ಹಿಂದಿನ ಮೊದಲನೇ ಮಹಾಯುದ್ಧದ್ದು, ಅದನ್ನ ತಲೆ ಮೇಲೆ ಹೊತ್ತುಕೊಂಡು ಕುಣಿದ್ರು. ಮರುವರ್ಷ ಕಾಲ್ ಆಫ್ ಡ್ಯೂಟಿಯೋರೂ ತೆಪ್ಪಗೆ ಎರಡನೇ ಮಹಾಯುದ್ಧಕ್ಕೆ ಇಳಿದ್ರು. ಕಾಲು ನೆಲದ ಮೇಲಿರಲಿ ಅನ್ನೋದೊಂದೇ ಆಡೋರ ಹಟ.

ಅಷ್ಟು ನೆಲದ ಮೇಲೆ ತಂದ್ರೂ ಒಪ್ಪಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಕಥೆ ಇದೆ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಬ್ಯಾನ್ ಆಯ್ತಲ್ಲ, ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ‘ಫೌ-ಜಿ’ ಘೋಷಣೆ ಮಾಡಿದ್ರು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯದ್ದು. 2021ರ ಗಣರಾಜ್ಯೋತ್ಸವಕ್ಕೆ ಆಟ ಬಂತು, ಗಲ್ವಾನ್ ಕಣಿವೆ. ಹುಡುಗರು ಡೌನ್‌ಲೋಡ್ ಮಾಡಿ ನೋಡ್ತಾರೆ, ಬಂದೂಕೇ ಇಲ್ಲ! ಗುದ್ದು, ಬಡಿಗೆ, ಮುಳ್ಳಿನ ಗದೆ. ಗೆಳೆಯರ ಜೊತೆ ಆಡೋ ಹಾಗೂ ಇಲ್ಲ. ರೇಟಿಂಗು ಕೆಲವೇ ದಿನಕ್ಕೆ ಮೂರರ ಆಸುಪಾಸಿಗೆ ಇಳೀತು. ಗಲ್ವಾನ್‌ನಲ್ಲಿ ಗುಂಡು ಹಾರಿಸದೇ ಹೊಡೆದಾಡಿದ್ದು ನಿಜ, ಗಡಿಯಲ್ಲಿ ಬಂದೂಕು ಬಳಸಬಾರದು ಅಂತ 1996ರ ಒಪ್ಪಂದವೇ ಇದೆ. ಆಟದೋರು ನಿಜ ತೋರಿಸಿದ್ರು, ಹುಡುಗರು ಒಂದೇ ಸ್ಟಾರು ಕೊಟ್ಟರು.

ಬಡಿಗೆ ಆಟ ಬೋರು ಅಂದ ಇದೇ ಹುಡುಗರು ದಸರಾ ಬಂದ್ರೆ ಬೈಕಿಗೆ ಮೂವರು ಏರಿ ದೇವರಗಟ್ಟಿಗೆ ಹೋಗ್ತಾರೆ. ಅಲ್ಲೇನು ಮಷಿನ್‌ಗನ್ ಇದೆಯಾ? ಉತ್ಸವ ಮೂರ್ತಿಗೆ ನೆರಣಿಕಿ, ಕೊತ್ತಪೇಟೆಯೋರ ಕಾವಲು, ಎದುರಿಗೆ ಅರಿಕೇರ, ಎಲ್ಲಾರ್ತಿ ಕಡೆಯೋರು, ನಡುರಾತ್ರಿ ಪಂಜಿನ ಬೆಳಕಲ್ಲಿ ಕಬ್ಬಿಣದ ಬಳೆ ಬಡಿದ ಉದ್ದ ಬಡಿಗೆಗಳು. ತಲೆ ಒಡೆದೋರು ಭಂಡಾರ ಮೆತ್ಕೊಂಡು ಮತ್ತೆ ಒಳಗೆ ನುಗ್ತಾರೆ. ಪೊಲೀಸ್ನೋರು ಮೊದಲೇ ಹಳ್ಳಿಹಳ್ಳಿಗೆ ಹೋಗಿ ತಿಳಿಹೇಳ್ತಾರೆ, ಬಡಿಗೆ ಕಿತ್ಕೊಂಡು ಹೋಗ್ತಾರೆ, ಆದ್ರೂ ಪ್ರತಿ ವರ್ಷ ಆಸ್ಪತ್ರೆ ತುಂಬ್ತದೆ. ಈಚೀಚೆಗೆ ಬೆಟ್ಟದ ಮೇಲೆ ಡ್ರೋನ್ ಕ್ಯಾಮೆರಾ ಹಾರಿಸ್ತಾರೆ. ಆಮೇಲೆ ಹೇಳ್ತೀನಿ ಅಂದೆನಲ್ಲ ಡ್ರೋನು, ಇದೇ. ಕೆಳಗೆ ಮಣಿ-ಮಲ್ಲಾಸುರರ ಕಾಲದ ಬಡಿಗೆ, ಮೇಲೆ ಗುಂಯ್‌ಗುಡೋ ಯಂತ್ರ. ಇಂಥ ಮ್ಯಾಪು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಮಾಡಿದ್ರೆ ನಂಬೋರೂ ಇಲ್ಲ ಬಿಡಿ.

ಈಚಿನ ಸುದ್ದಿಗೆ ಬಂದ್ರೆ, 2025ರ ಅಕ್ಟೋಬರ್‌ನಲ್ಲಿ ‘ಬ್ಯಾಟಲ್‌ಫೀಲ್ಡ್ 6’ ಬಂತು. ಹಾರಾಟವಿಲ್ಲ, ಕ್ಲಾಸ್ ಪದ್ಧತಿ ಇದೆ, ಕಥೆ ನಡೆಯೋದು ಎರಡೇ ವರ್ಷ ಆಚೆ, 2027ರಲ್ಲಿ. ಮೂರು ದಿನದಲ್ಲಿ ಎಪ್ಪತ್ತು ಲಕ್ಷ ಪ್ರತಿ ಹೋದವಂತೆ. ಪಕ್ಕದ ಮನೆ ಹುಡುಗನೂ ಬಾಯಿ ಬಿಡ್ತಾ ಕೂತ. ನಾಲ್ಕು ಸಾವಿರದ ಹತ್ತಿರ ಇತ್ತು ಬೆಲೆ. ಮಧ್ಯಮ ಎಳೆ ಹತ್ತಿಗೆ ಆ ವರ್ಷದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 7,710 ರೂಪಾಯಿ, ಅವರಪ್ಪ ಕೂಡಲೇ ಲೆಕ್ಕ ಹಾಕಿ “ಅರ್ಧ ಕ್ವಿಂಟಾಲ್ ಹತ್ತಿ ಸುಡಬೇಕೇನಪ್ಪಾ ಇದಕ್ಕ?” ಅಂದ್ರು. ಚರ್ಚೆ ಅಲ್ಲಿಗೆ ಮುಕ್ತಾಯ.

ನವೆಂಬರ್‌ನಲ್ಲಿ ‘ಬ್ಲ್ಯಾಕ್ ಆಪ್ಸ್ 7’ ಬಂತು, 2035ರ ಕಥೆ. ಎಐ ಬರೆದ ಚಿತ್ರಗಳನ್ನ ತುಂಬಿದ್ದಾರೆ ಅಂತ ಒಂದಷ್ಟು ಜನ ಉಗಿದ್ರು. ಅದಕ್ಕಿಂತ ಹೆಚ್ಚು ಬೈಗುಳ ತಿಂದಿದ್ದು ಏನಂದ್ರೆ, ಕಥೆಯ ಭಾಗವನ್ನ ಒಬ್ಬನೇ ಕೂತು ಆಡಿದ್ರೂ ಇಂಟರ್ನೆಟ್ ಇರಲೇಬೇಕಿತ್ತು, ಆಟವನ್ನ ಪಾಜ್ ಮಾಡಿ ಎದ್ದು ಹೋಗೋ ಹಾಗೇ ಇರಲಿಲ್ಲ. ಹತ್ತು ವರ್ಷ ಮುಂದಿನ ಯುದ್ಧ ಮಾಡಿದ ಬುದ್ಧಿವಂತರಿಗೆ, ಆಡ್ತಿರೋನಿಗೆ ಹೊರಗಿನಿಂದ ಯಾರೋ ಕೂಗ್ತಾರೆ ಅನ್ನೋದು ಹೊಳೀಲಿಲ್ಲ ನೋಡಿ. ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂತಂದ್ರೆ ಅವರಮ್ಮನ ಕೂಗು ಮೂರು ಮನೆ ದಾಟ್ತದೆ, ಅಂಥಾ ಹೊತ್ತಲ್ಲಿ ಯಾವ ಕಮಾಂಡೋ ಕೂತಿರ್ತಾನೆ ಹೇಳಿ? ಮುಂದಿನ ಆಟಕ್ಕೆ ಯಾವ ಇಸವಿ ಬೇಕಾದ್ರೂ ಇಟ್ಕೊಳ್ಳಿ ಸ್ವಾಮಿ, ಬೇಕಾದ್ರೆ ಇನ್ನೊಬ್ಬ ರಾವ್‌ನ ಹಾಕಿ. ಪಾಜ್ ಬಟನ್ ಒಂದು ಕೊಡಿ, ಕೊಡ ತುಂಬಿಸಿಟ್ಟು ಬರ್ತಾನೆ.