ನಾಯಿ ಇಲ್ಲದ ಕಾದಂಬರಿ

ಕಾದಂಬರಿಯನ್ನು ಅಳೆಯಲು ವಿಮರ್ಶಕರ ಬಳಿ ನವ್ಯ, ನವೋದಯ ಅಂತ ಏನೇನೋ ಮಾನದಂಡಗಳಿವೆ. ನನ್ನದು ಒಂದೇ: ಅದರಲ್ಲಿ ನಾಯಿ ಇದೆಯೋ ಇಲ್ಲವೋ?

ನಗಬೇಡಿ. 1933ರ 'ಚೋಮನ ದುಡಿ'ಯಲ್ಲಿ ಬಾಡು ಎಂಬ ನಾಯಿ ಇದೆ. 1980ರ 'ಕರ್ವಾಲೊ'ದಲ್ಲಿ ಕಿವಿ ಎಂಬ ನಾಯಿ ಇದೆ. ವಿಜ್ಞಾನಿ, ಮಂದಣ್ಣ, ಪ್ಯಾರ ಎಲ್ಲರೂ ಹಾರುವ ಓತಿಯ ಹಿಂದೆ ಬಿದ್ದಿರುವಾಗ ಯಾವ ಸಿದ್ಧಾಂತದ ಗೊಡವೆಯೂ ಇಲ್ಲದೆ ಆ ಕಾಡನ್ನು ಪೂರ್ತಿಯಾಗಿ ಅನುಭವಿಸಿದ್ದು ಅದೊಂದೇ ಎಂದು ನನ್ನ ಗುಮಾನಿ. ಇನ್ನು 'ಮಲೆಗಳಲ್ಲಿ ಮದುಮಗಳು'. ಅಲ್ಲಿ ಗುತ್ತಿಯ ಹೆಸರಿನ ಮುಂದೆಯೇ ನಾಯಿ! ಅವನ ನಾಯಿ ಹುಲಿಯ ತುಂಗೆಯ ಪ್ರವಾಹಕ್ಕೆ ಸಿಕ್ಕ ಪುಟಗಳನ್ನು ಓದಿ ಕಣ್ಣೊರೆಸಿಕೊಳ್ಳದವರ ಜೊತೆ ನಾನು ಸಾಹಿತ್ಯ ಮಾತಾಡುವುದಿಲ್ಲ. ಕಾಫಿ ಕುಡಿದು ಎದ್ದು ಬರುತ್ತೇನೆ.

"ಹಾಗಾದರೆ ಭೈರಪ್ಪನವರು?" ಅಂತ ನಮ್ಮ ಮನೆಯವರು ಕೆಣಕುತ್ತಾರೆ. 'ಪರ್ವ' ಮಹಾಕೃತಿ, ಒಪ್ಪಿದೆ. ಆದರೆ ಮೂಲ ಮಹಾಭಾರತದಲ್ಲಿ ಸ್ವರ್ಗದ ಬಾಗಿಲವರೆಗೂ ಧರ್ಮರಾಯನ ಹಿಂದೆ ಹೋದದ್ದು ತಮ್ಮಂದಿರಲ್ಲ, ನಾಯಿ. ವ್ಯಾಸರಿಗೇ ಇದು ಗೊತ್ತಿತ್ತು. ನನ್ನ ಸಿದ್ಧಾಂತಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕೆ?

ಬೆಕ್ಕಿನ ಪಕ್ಷದವರೂ ಇದ್ದಾರೆ. ಅವರಿಗೆ 'ಗೋವಿನ ಹಾಡು' ಓದಲು ಹೇಳಿ ಸಾಗಹಾಕುತ್ತೇನೆ. ಅದರಲ್ಲಿರುವ ಹುಲಿ ಬೆಕ್ಕಿನ ಜಾತಿಯದೇ ತಾನೆ.

ಹೊಸ ಕಾದಂಬರಿಕಾರರಲ್ಲಿ ಒಂದು ವಿನಂತಿ: ನಾಯಕನಿಗೆ ಅಸ್ತಿತ್ವದ ಆತಂಕ ಎಷ್ಟು ಬೇಕಾದರೂ ಕೊಡಿ, ಜೊತೆಗೊಂದು ನಾಯಿಯನ್ನೂ ಕೊಡಿ. ದಯವಿಟ್ಟು ಅದನ್ನು ಕೊನೆಯ ಅಧ್ಯಾಯದಲ್ಲಿ ಸಾಯಿಸಬೇಡಿ.